ಹಿಂದಿನ ಬಾಗಿಲು ಒಳಗಿನಿಂದ ತೆರೆಯಬೇಕು: ಪೊಲೀಸ್ ಕಾರು ದಾನ ಕೊಟ್ಟ ನನ್ನ ಅನುಭವ

ಅಮೆರಿಕದಲ್ಲಿ ಪೊಲೀಸರು ಬಳಸಿ ಬಿಟ್ಟ ಕಾರುಗಳನ್ನು ಸ್ಥಳೀಯ ಆಡಳಿತಗಳು ಹರಾಜು ಹಾಕುತ್ತವೆ. ಹಾಗೆ ಕೊಂಡ 2008ರ ಫೋರ್ಡ್ ಕ್ರೌನ್ ವಿಕ್ಟೋರಿಯಾ ಪೊಲೀಸ್ ಇಂಟರ್‌ಸೆಪ್ಟರ್ ನನ್ನ ಬಳಿ ಆರು ವರ್ಷ ಇತ್ತು. 4.6 ಲೀಟರಿನ ವಿ8 ಎಂಜಿನ್, ಲಾರಿಯಂತೆ ಚೌಕಟ್ಟಿನ ಮೇಲೆ ಕೂರಿಸಿದ ಬಾಡಿ. ಇವು ತಯಾರಾಗುತ್ತಿದ್ದ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆ 2011ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅಂಥ ಗಟ್ಟಿ ಗಾಡಿಯನ್ನು ಗುಜರಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ದಾನ ಕೊಡಲು ನಿರ್ಧರಿಸಿದೆ.

ಮೊದಲು ಫೋನ್ ಮಾಡಿದ್ದು ಸೇವಾಸಂಸ್ಥೆಗಳ ಪರವಾಗಿ ಕಾರು ಸಂಗ್ರಹಿಸುವ ಒಂದು ಕಂಪನಿಗೆ. ಐದೇ ನಿಮಿಷದಲ್ಲಿ ಮಾತು ಮುಗಿಯಿತು. ಟೋ ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ, ಹರಾಜಿನಲ್ಲಿ ಮಾರುತ್ತಾರೆ, ತಮ್ಮ ಖರ್ಚು ಕಳೆದು ಉಳಿದದ್ದನ್ನು ಸಂಸ್ಥೆಗೆ ಕೊಡುತ್ತಾರೆ. ಎಷ್ಟು ಉಳಿಯುತ್ತದೆ ಎಂದು ಕೇಳಿದೆ. ನೇರ ಉತ್ತರ ಬರಲಿಲ್ಲ. ಅಲ್ಲಿಗೇ ಆ ದಾರಿ ಬಿಟ್ಟೆ. ಹರಾಜಿನಿಂದ ಬಂದ ಕಾರು ಮತ್ತೆ ಹರಾಜಿಗೇ ಹೋಗುವುದಾದರೆ ನಾನು ಕೊಟ್ಟಂತೆ ಏನಾಯಿತು?

ದಾನ ಕೊಟ್ಟ ಕಾರಿನ ಬೆಲೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಬಹುದು. ಸಂಸ್ಥೆ ಕಾರನ್ನು ಮಾರುತ್ತದೋ ಬಳಸುತ್ತದೋ ಎಂಬ ವ್ಯತ್ಯಾಸ ಆ ಲೆಕ್ಕದಲ್ಲೂ ದೊಡ್ಡದು. 2005ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, 500 ಡಾಲರಿಗಿಂತ ಹೆಚ್ಚು ಬೆಲೆ ಹೇಳಿಕೊಂಡ ಕಾರನ್ನು ಸಂಸ್ಥೆ ಸುಮ್ಮನೆ ಮಾರಿಬಿಟ್ಟರೆ, ಮಾರಿ ಬಂದ ಮೊತ್ತಕ್ಕಿಂತ ಹೆಚ್ಚು ವಿನಾಯಿತಿ ಕೇಳುವಂತಿಲ್ಲ. ಸಂಸ್ಥೆಯೇ ಅದನ್ನು ತನ್ನ ಸೇವೆಗೆ ಗಣನೀಯವಾಗಿ ಬಳಸಿದರೆ, ಅಥವಾ ಬಡವರೊಬ್ಬರಿಗೆ ತೀರಾ ಕಡಿಮೆ ಬೆಲೆಗೆ ಕೊಟ್ಟರೆ, ಮಾರುಕಟ್ಟೆ ಬೆಲೆಯನ್ನೇ ತೋರಿಸಬಹುದು. ಗಣನೀಯ ಬಳಕೆಗೆ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ಕೊಡುವ ಉದಾಹರಣೆ ನನ್ನ ಮನಸ್ಸಿನಲ್ಲಿ ನಿಂತಿತು: ಅಗತ್ಯವಿರುವವರಿಗೆ ಊಟ ತಲುಪಿಸುತ್ತಾ ಒಂದು ವರ್ಷದಲ್ಲಿ 10,000 ಮೈಲಿ ಓಡಿದ ಕಾರು. ನನ್ನದೂ ಹೀಗೆ ಓಡಬೇಕು ಎನಿಸಿತು. ವಿನಾಯಿತಿ ಸಿಗುವುದು ಖರ್ಚುಗಳನ್ನು ಒಂದೊಂದಾಗಿ ತೋರಿಸಿ ರಿಟರ್ನ್ ಸಲ್ಲಿಸುವವರಿಗೆ ಮಾತ್ರ ಎಂಬುದನ್ನೂ ನೆನಪಿಡಬೇಕು.

ಎರಡು ವಾರ ಹುಡುಕಿದ ಮೇಲೆ, ವಯಸ್ಸಾದವರನ್ನು ಡಯಾಲಿಸಿಸ್‌ಗೆ, ಆಸ್ಪತ್ರೆಗೆ ಕರೆದೊಯ್ಯುವ ಸಣ್ಣ ಸಂಸ್ಥೆಯೊಂದು ಸಿಕ್ಕಿತು. ಐಆರ್‌ಎಸ್‌ನ ಜಾಲತಾಣದಲ್ಲಿ ಹೆಸರು ಹಾಕಿ, ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ ಸೇವಾಸಂಸ್ಥೆಗಳಿಗೆ ಕೊಡುವ 501(ಸಿ)(3) ಮಾನ್ಯತೆ ಇದೆಯೆಂದು ಖಚಿತ ಮಾಡಿಕೊಂಡೆ. ಕಾರು ನೋಡಲು ಬಂದದ್ದು ಅಲ್ಲಿ ಸ್ವಯಂಸೇವಕರಾಗಿ ಗಾಡಿ ಓಡಿಸುವ ಒಬ್ಬ ಹಿರಿಯರು. ಬಾನೆಟ್ ತೆರೆಯಲಿಲ್ಲ, ಎಂಜಿನ್ ಕೇಳಲಿಲ್ಲ. ಸೀದಾ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಹಿಡಿ ಎಳೆದರು, ತೆರೆಯಲಿಲ್ಲ. ಕಿಟಕಿಯ ಗುಂಡಿ ಒತ್ತಿದರು, ಇಳಿಯಲಿಲ್ಲ. ನಾನು ಹೊರಗಿನಿಂದ ತೆರೆದ ಮೇಲೆ ಇಳಿದು, "ಕಾರು ಚೆನ್ನಾಗಿದೆ. ಆದರೆ ನಮ್ಮವರನ್ನು ಇದರಲ್ಲಿ ಕೂರಿಸಲಾರೆ" ಎಂದರು.

ಆರು ವರ್ಷ ಆ ಕಾರು ಓಡಿಸಿದ್ದೆ. ಹಿಂದೆ ಯಾರನ್ನೂ ಕೂರಿಸದ ಕಾರಣ ಅದು ನನಗೆ ಹೊಳೆದೇ ಇರಲಿಲ್ಲ. ಮೂರು ತಿಂಗಳು ಸಮಯ ಕೊಡಿ ಎಂದು ಕೇಳಿದೆ. ಒಪ್ಪಿದರು.

ಬಾಗಿಲಿನ ಕೆಲಸವೇ ಎಲ್ಲಕ್ಕಿಂತ ಮುಖ್ಯವಾಯಿತು. ಇದು ಮಕ್ಕಳಿಗೆಂದು ಇರುವ ಚೈಲ್ಡ್ ಲಾಕ್ ಅಲ್ಲ, ಬಂಧಿತರು ಇಳಿದು ಓಡದಂತೆ ಮಾಡಿದ ಏರ್ಪಾಡು. ಒಳಪದರ ಬಿಚ್ಚಿ ನೋಡಿದರೆ, ಒಳಗಿನ ಹಿಡಿಗೂ ಬಾಗಿಲ ಕೊಂಡಿಗೂ ಇರಬೇಕಾದ ಸಂಪರ್ಕವೇ ಇಲ್ಲ. ಇದೇ ಕುಟುಂಬದ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕಿ ಕಾರಿನ ಬಾಗಿಲ ಭಾಗಗಳು ಇದಕ್ಕೆ ಹೊಂದುತ್ತವೆ. ಗುಜರಿ ಅಂಗಳದಲ್ಲಿ ಅಂಥದೊಂದು ಸಿಕ್ಕಿತು. ಎರಡೂ ಹಿಂದಿನ ಬಾಗಿಲುಗಳ ಕಂಬಿ, ಕ್ಲಿಪ್ಪು, ಹಿಡಿ, ಕಿಟಕಿಯ ಸ್ವಿಚ್ಚು ಬಿಚ್ಚಿಕೊಂಡೆ. ಒಣಗಿದ ಪ್ಲಾಸ್ಟಿಕ್ ಕ್ಲಿಪ್ಪುಗಳು ಬಿಚ್ಚುವಾಗಲೇ ಮುರಿಯುತ್ತವೆ, ಆದ್ದರಿಂದ ಹೊಸವನ್ನು ತಂದಿಟ್ಟುಕೊಂಡೇ ಕೆಲಸ ಶುರು ಮಾಡುವುದು ಒಳ್ಳೆಯದು. ಬಟ್ಟೆಯ ಹೊದಿಕೆಯ ಹಿಂದಿನ ಸೀಟನ್ನೂ ಅದೇ ಕಾರಿನಿಂದ ತಂದೆ. ನನ್ನದರಲ್ಲಿ ಇದ್ದದ್ದು ಜಾರುವ ರೆಕ್ಸಿನ್. ಮೊಣಕಾಲು ನೋವಿರುವವರು ಅದರ ಮೇಲೆ ಸರಿದು ಕೂರುವುದು ಕಷ್ಟ.

ಹಳೆ ಸೀಟು ಎತ್ತುವಾಗ ದಪ್ಪ ಕೈಗವಸು ಹಾಕಿಕೊಳ್ಳಲೇಬೇಕು. ಬಂಧಿತರು ಹಿಂದೆ ಕೂತಾಗ ಜೇಬಿನಲ್ಲಿದ್ದದ್ದನ್ನು ಸೀಟಿನ ಸಂದಿಗೆ ತುರುಕುತ್ತಾರೆ. ಸಿರಿಂಜಿನ ಸೂಜಿಯೂ ಇರಬಹುದು. ನನಗೆ ಸಿಕ್ಕದ್ದು ಮುರಿದ ಕಡ್ಡಿ, ನಾಣ್ಯ, ಒಂದು ಮಗುವಿನ ಬಳೆ. ಆ ಬಳೆ ನೋಡಿ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿದೆ.

ವೈರಿಂಗ್ ನನ್ನ ತಾಳ್ಮೆಯನ್ನು ಪರೀಕ್ಷಿಸಿತು. ರೇಡಿಯೋ, ಸೈರನ್, ದೀಪಗಳನ್ನು ಕಿತ್ತವರು ತಂತಿಗಳನ್ನು ಕತ್ತರಿಸಿ ಹಾಗೇ ಬಿಟ್ಟಿದ್ದರು. ಡಿಕ್ಕಿಯಲ್ಲಿದ್ದ ಒಂದು ದಪ್ಪ ಕೆಂಪು ತಂತಿಯಲ್ಲಿ ಇನ್ನೂ ಬ್ಯಾಟರಿಯ ಕರೆಂಟು ಹರಿಯುತ್ತಿತ್ತು. ತುದಿಗೆ ಟೇಪು ಸುತ್ತಿ ಬಿಡುವುದು ಪರಿಹಾರವಲ್ಲ. ತಂತಿಯ ಜಾಡು ಹಿಡಿದು ಬ್ಯಾಟರಿಯವರೆಗೆ ಹೋಗಿ ಪೂರ್ತಿ ತೆಗೆದುಹಾಕಿದೆ. ಛಾವಣಿಯಲ್ಲಿ ಆಂಟೆನಾಗೆಂದು ಕೊರೆದ ತೂತುಗಳಿಗೆ ರಬ್ಬರ್ ಬಿರಡೆ ಹಾಕಿ ಸೀಲ್ ಮಾಡಿದೆ. ಪೊಲೀಸ್ ಕಾರಿನಲ್ಲಿ ಬಾಗಿಲು ತೆಗೆದರೂ ಒಳಗಿನ ದೀಪ ಹೊತ್ತದಂತೆ ಮಾಡಿರುತ್ತಾರೆ. ಮುಸ್ಸಂಜೆಯಲ್ಲಿ ಇಳಿಯುವ ಅಜ್ಜಿಗೆ ಆ ದೀಪ ಬೇಕೇ ಬೇಕು, ಅದನ್ನೂ ಮರಳಿ ಜೋಡಿಸಿದೆ.

ಬೀಗದ ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಂದೇ ಕೀಲಿಯಿಂದ ಎಲ್ಲ ಗಾಡಿಗಳೂ ತೆರೆಯುವಂತೆ ಕೆಲವು ಇಲಾಖೆಗಳು ಕಾರು ತರಿಸಿಕೊಳ್ಳುತ್ತಿದ್ದವು. ಅಂದರೆ ನನ್ನ ಕಾರನ್ನು ತೆರೆಯಬಲ್ಲ ಕೀಲಿ ಎಷ್ಟು ಜನರ ಕೈಯಲ್ಲಿದೆಯೋ ಹೇಳಲಾಗದು. ಬಾಗಿಲು, ಡಿಕ್ಕಿ, ಇಗ್ನಿಷನ್ ಮೂರರ ಬೀಗವನ್ನೂ ಬದಲಿಸಿದೆ.

ಇನ್ನು ಬಣ್ಣ. ಸ್ಟಿಕ್ಕರ್ ಕಿತ್ತಿದ್ದರೂ ಅದರ ಕೆಳಗಿನ ಬಣ್ಣ ಬಿಸಿಲಿಗೆ ಮಾಸಿರಲಿಲ್ಲ. ಓರೆ ಬೆಳಕಿನಲ್ಲಿ ನೋಡಿದರೆ 'ಪೊಲೀಸ್' ಎಂಬ ಅಕ್ಷರಗಳು ನೆರಳಿನಂತೆ ಕಾಣುತ್ತಿದ್ದವು. ಅಂಥ ಕಾರು ಮನೆ ಮುಂದೆ ನಿಂತು, ಅಜ್ಜನೊಬ್ಬನನ್ನು ಹಿಂದೆ ಕೂರಿಸಿಕೊಂಡು ಹೋದರೆ ನೆರೆಯವರು ಏನೆಂದುಕೊಂಡಾರು? ಚಿಕಿತ್ಸೆಗೆ ಹೋಗುವವರಿಗೆ ಆ ಮುಜುಗರ ಬೇಡ. ಪೂರ್ತಿ ತಿಳಿನೀಲಿ ಬಣ್ಣ ಹೊಡೆಸಿ, ಮುಂದಿನ ಗಾಜಿನ ಪಕ್ಕದ ಕಂಬದಲ್ಲಿದ್ದ ಸರ್ಚ್‌ಲೈಟನ್ನೂ ತೆಗೆಸಿದೆ. ಬಣ್ಣ, ಡೆಂಟ್ ತೆಗೆಯುವುದು, ಸೀಟಿನ ರಿಪೇರಿ ಇವ್ಯಾವುದನ್ನೂ ಐಆರ್‌ಎಸ್ ಕಾರಿನ ಗಣನೀಯ ಸುಧಾರಣೆ ಎಂದು ಎಣಿಸುವುದಿಲ್ಲ. ಇವನ್ನು ಕೂರುವವರಿಗಾಗಿ ಮಾಡಬೇಕು, ತೆರಿಗೆಗಾಗಿ ಅಲ್ಲ.

ಎಂಜಿನ್ ಬಗ್ಗೆ ಸಂಸ್ಥೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಓಡಿದ ಮೈಲಿಗಿಂತ ನಿಂತಲ್ಲೇ ಚಾಲೂ ಇದ್ದ ಹೊತ್ತು ಪೊಲೀಸ್ ಕಾರಿನ ನಿಜವಾದ ವಯಸ್ಸು ಹೇಳುತ್ತದೆ. ಈ ಮಾಡೆಲಿನ ಮೀಟರಿನಲ್ಲೇ ಆ ಗಂಟೆಗಳನ್ನು ನೋಡಬಹುದು. ಹಾಗೆ ಕಳೆದ ಒಂದು ಗಂಟೆಯನ್ನು ಫೋರ್ಡ್ ಸುಮಾರು 33 ಮೈಲಿಗೆ ಸಮ ಎಂದು ಲೆಕ್ಕ ಹಾಕುತ್ತದೆ. ನನ್ನ ಕಾರು 4,000 ಗಂಟೆ ನಿಂತೇ ಉರಿದಿತ್ತು. ಅಂದರೆ ಸುಮಾರು 1,32,000 ಮೈಲಿಯ ಸವೆತವನ್ನು ಓಡೋಮೀಟರ್ ತೋರಿಸುತ್ತಲೇ ಇರಲಿಲ್ಲ. ಅದಕ್ಕೆ ತಕ್ಕಂತೆ ಆಯಿಲ್ ಬದಲಿಸುವ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟೆ.

ಕಾಗದಪತ್ರ ಒಂದೇ ಮಧ್ಯಾಹ್ನದ ಕೆಲಸ. ಟೈಟಲ್ ಪತ್ರದಲ್ಲಿ, ಅಂದರೆ ಕಾರಿನ ಮಾಲೀಕತ್ವದ ಪತ್ರದಲ್ಲಿ, ಕೊಳ್ಳುವವರ ಜಾಗವನ್ನು ಖಾಲಿ ಬಿಡದೆ ಸಂಸ್ಥೆಯ ಪೂರ್ಣ ಹೆಸರನ್ನೇ ಬರೆದೆ. ನಂಬರ್ ಪ್ಲೇಟ್ ಬಿಚ್ಚಿಕೊಂಡೆ. ಕಾರು ನನ್ನ ಕೈಬಿಟ್ಟಿದೆ ಎಂದು ರಾಜ್ಯದ ವಾಹನ ಇಲಾಖೆಗೆ ಅಂದೇ ತಿಳಿಸಿದೆ. ಇದನ್ನು ಮರೆತರೆ ಮುಂದಿನ ಪಾರ್ಕಿಂಗ್ ದಂಡವೆಲ್ಲ ನಮ್ಮ ಮನೆಗೇ ಬರುತ್ತದೆ. ಸಂಸ್ಥೆ 30 ದಿನದೊಳಗೆ ಫಾರ್ಮ್ 1098-ಸಿ, ಅಂದರೆ ತೆರಿಗೆಗೆ ತೋರಿಸಬೇಕಾದ ವಾಹನ ದಾನದ ರಸೀದಿ, ಕಳಿಸಿಕೊಟ್ಟಿತು. ಕಾರನ್ನು ತಾವೇ ಬಳಸುವುದಾಗಿ ಅದರಲ್ಲಿ ಗುರುತು ಹಾಕಿದ್ದರು.

ಒಪ್ಪಿಸುವ ದಿನ ಅದೇ ಹಿರಿಯರು ಬಂದರು. ಮತ್ತೆ ಹಿಂದೆ ಕೂತು ಬಾಗಿಲು ಹಾಕಿಕೊಂಡರು. ಹಿಡಿ ಎಳೆದರು, ಬಾಗಿಲು ತೆರೆಯಿತು. ಆ ಕಡೆ ಸರಿದು ಇನ್ನೊಂದನ್ನೂ ತೆರೆದು ಇಳಿದರು. ಏನೂ ಹೇಳದೆ ನನ್ನ ಕೈ ಕುಲುಕಿದರು.

ಕಳೆದ ಚಳಿಗಾಲದಲ್ಲಿ ಅವರಿಂದ ಫೋನ್ ಬಂತು. ಚಳಿಗೆ ಎಡಗಡೆಯ ಹಿಂದಿನ ಬಾಗಿಲು ಸ್ವಲ್ಪ ಬಿಗಿಯಾಗುತ್ತಿದೆ, ಅಜ್ಜಿಯೊಬ್ಬರಿಗೆ ಎಳೆಯಲು ಕಷ್ಟ ಎಂದರು. ಶನಿವಾರ ಹೋಗಿ ಒಳಪದರ ಬಿಚ್ಚಿ, ಕಂಬಿಯ ತಿರುವಿಗೆ ಗ್ರೀಸ್ ಹಾಕಿ ಬಂದೆ.