"ಕೆಲಸ ಇದೆಯಾ" ಎಂದು ಕೇಳದೆ ನಾವು ನಿರುದ್ಯೋಗ ಎಣಿಸಿದ್ದು

ಕುಮಟಾ ಕಡೆಯ ಯಾವ ಮನೆಗಾದರೂ ಹೋಗಿ "ಕೆಲಸ ಇದೆಯಾ?" ಎಂದು ಕೇಳಿ. "ಇದೆಯಲ್ಲ" ಅಂತಲೇ ಹೇಳುತ್ತಾರೆ. ಬೋಟಿಗೆ ಹೋಗುವವರು, ಒಣಮೀನು ಮಾರುವವರು, ತುಂಡು ಗದ್ದೆ ಇರುವವರು, ಅಣ್ಣನ ಅಂಗಡಿಯಲ್ಲಿ ಕೂರುವವರು, ಎಲ್ಲರದೂ ಅದೇ ಉತ್ತರ. ಸುಮ್ನೆ ಕೂತಿದ್ದೇನೆ ಎಂದು ಹೇಳಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಸುಮ್ನೆ ಕೂತು ಉಣ್ಣುವಷ್ಟು ಅನುಕೂಲವೂ ಹೆಚ್ಚಿನವರಿಗೆ ಇಲ್ಲ. ಅದೇ ಮನೆಯ ಜಗಲಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತು, "ಚೌತಿ ಆದಮೇಲೆ ಎಷ್ಟು ದಿನ ಹೋದಿರಿ? ಎಷ್ಟು ದಿನ ಬರಿಗೈಲಿ ವಾಪಸ್ ಬಂದಿರಿ?" ಎಂದು ಕೇಳಿದರೆ ಬೇರೆಯೇ ಲೆಕ್ಕ ಹೊರಬರುತ್ತದೆ.

ನಾನು ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಕೊನೆಯ ವರ್ಷದ ಬಿಎ ಮಕ್ಕಳನ್ನು ಕಟ್ಟಿಕೊಂಡು ಅಘನಾಶಿನಿ ನದಿ ದಂಡೆಯ ಊರುಗಳಲ್ಲಿ, ಆಮೇಲೆ ಶಿರಸಿ ಕಡೆಯ ಒಂದು ಅಡಿಕೆ ಊರಿನಲ್ಲಿ, ಈ ಲೆಕ್ಕ ತೆಗೆಯಲು ಹೊರಟೆ. ಅದನ್ನು ಹೇಗೆ ಮಾಡಿದೆವು ಎಂದು ಬರೆದಿಡುತ್ತಿದ್ದೇನೆ, ಬೇರೆ ಊರಿನವರೂ ಮಾಡಬಹುದು ಎಂಬ ಆಸೆಯಿಂದ.

ಪಾಠದ ಪುಸ್ತಕದಲ್ಲಿರುವ ಅಂಕಿ ಚಿಕ್ಕದು. ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ದೇಶದ ನಿರುದ್ಯೋಗವನ್ನು 3.2% ಎಂದು ಹೇಳಿತು. 2017-18ರಲ್ಲಿ ಅದೇ ಸಮೀಕ್ಷೆಯಲ್ಲಿ 6.1% ಇತ್ತು. ಇದು ವರ್ಷವಿಡೀ ನೋಡುವ ಅಳತೆ. ಇದರಲ್ಲಿ ಒಬ್ಬ ವರ್ಷದ ಹೆಚ್ಚಿನ ಕಾಲ ಕೆಲಸ ಹುಡುಕುತ್ತಲೇ ಇದ್ದರೂ, ಎಲ್ಲೋ ಒಟ್ಟು 30 ದಿನ ದುಡಿದಿದ್ದರೆ ಉದ್ಯೋಗಿಗಳ ಸಾಲಿಗೆ ಸೇರುತ್ತಾನೆ. ವಾರದ ಅಳತೆ ಇನ್ನೊಂದು. ಹಿಂದಿನ 7 ದಿನಗಳಲ್ಲಿ ಯಾವುದಾದರೂ ಒಂದು ದಿನ 1 ಗಂಟೆ ಕೆಲಸ ಮಾಡಿದ್ದರೂ ಸಾಕು, ಅವನು ಉದ್ಯೋಗಿ. 2025ರಿಂದ ತಿಂಗಳು ತಿಂಗಳಿಗೂ ಅಂಕಿ ಬರುತ್ತಿದೆ. ಅದು ಈ ವಾರದ ಅಳತೆಯದೇ.

ಇದರಲ್ಲಿ ಮೋಸ ಏನೂ ಇಲ್ಲ. 1 ಗಂಟೆಯ ನಿಯಮ ಜಗತ್ತಿನ ಬೇರೆ ದೇಶಗಳಲ್ಲೂ ಇದೆ. ಸಮೀಕ್ಷೆಗೆ ಮನೆಮನೆ ಅಲೆಯುವವರು ಪಡುವ ಕಷ್ಟ ಏನೆಂದು ನಾವೂ ಅಲೆದಮೇಲೆ ಚೆನ್ನಾಗಿ ಗೊತ್ತಾಯಿತು. ಆದರೆ ಅಳತೆ ಬದಲಾದರೆ ಊರಿನ ಚಿತ್ರವೇ ಬದಲಾಗುತ್ತದೆ. ನಮ್ಮಲ್ಲಿ ಮೂರನೆಯ ಅಳತೆಯೂ ಇತ್ತು. ನಿರುದ್ಯೋಗದ ಅಂದಾಜುಗಳನ್ನು ಪರಿಶೀಲಿಸಿದ ದಾಂತ್ವಾಲಾ ಸಮಿತಿಯ 1970ರ ವರದಿಯ ನಂತರ, 1972-73ರ ಸಮೀಕ್ಷೆಯಿಂದ ಹಿಂದಿನ ವಾರದ ಒಂದೊಂದು ದಿನದ ಲೆಕ್ಕ ಶುರುವಾಯಿತು. 4 ಗಂಟೆ ಅಥವಾ ಜಾಸ್ತಿ ದುಡಿದರೆ ಪೂರ್ತಿ ದಿನ, 1 ಗಂಟೆಯಿಂದ 4 ಗಂಟೆಯೊಳಗೆ ಆದರೆ ಅರ್ಧ ದಿನ. ಇಲ್ಲಿ ಎಣಿಸುವುದು ಜನರನ್ನಲ್ಲ, ದಿನಗಳನ್ನು. 2011-12ರಲ್ಲಿ ವರ್ಷದ ಅಳತೆಯ ಪ್ರಕಾರ ನಿರುದ್ಯೋಗ 2.2% ಇದ್ದರೆ, ದಿನದ ಅಳತೆಯ ಪ್ರಕಾರ 5.6% ಇತ್ತು. ಅದೇ ಜನ, ಅದೇ ವರ್ಷ. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದ ದಿನ ಕ್ಲಾಸು ನಿಜವಾಗಿ ಎಚ್ಚರವಾಯಿತು.

ಹಾಗಾಗಿ ನಾವು ದಿನದ ಲೆಕ್ಕವನ್ನೇ ಹಿಡಿದೆವು, ಆದರೆ ಒಂದು ವಾರಕ್ಕಲ್ಲ, ಇಡೀ ವರ್ಷಕ್ಕೆ. ದೊಡ್ಡ ಡ್ರಾಯಿಂಗ್ ಹಾಳೆ, ಮನೆಗೊಂದು. ಎಡಗಡೆ ಮನೆಯವರು, ಮೇಲ್ಗಡೆ ಕಾಲ. ಜನವರಿ, ಫೆಬ್ರವರಿ ಎಂದು ಬರೆದರೆ ಯಾರಿಗೂ ನೆನಪು ಬರುವುದಿಲ್ಲ. ನೂಲು ಹುಣ್ಣಿಮೆ, ಚೌತಿ, ದೀಪಾವಳಿ, ಶಿವರಾತ್ರಿ, ಸುಗ್ಗಿ, ಬಂಡಿಹಬ್ಬ ಎಂದು ಬರೆದರೆ ಅಜ್ಜಿಯಂದಿರು ಕೂಡ ಬೆರಳಿಟ್ಟು ತೋರಿಸುತ್ತಾರೆ. ಮಳೆಗಾಲಕ್ಕೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರಗಳನ್ನೇ ಹಾಕಿದೆವು. ಪೂರ್ತಿ ದಿನಕ್ಕೆ ಒಂದು ಗೆರೆ, ಅರ್ಧ ದಿನಕ್ಕೆ ಗಿಡ್ಡ ಗೆರೆ. ಕೆಲಸಕ್ಕೆಂದು ಹೋಗಿ ಸಿಗದೆ ವಾಪಸ್ ಬಂದ ದಿನಕ್ಕೆ ಸೊನ್ನೆ. ದುಡಿದೂ ಕೈಗೆ ಏನೂ ಸಿಗದ ದಿನಕ್ಕೆ ಗೆರೆಯ ಮೇಲೆ ಅಡ್ಡ ಗೀಟು.

ಈ ಅಡ್ಡ ಗೀಟು ನಮ್ಮ ಹಾಳೆಯ ಅತಿ ಮುಖ್ಯ ಗುರುತು ಎಂದು ನಾನು ಈಗಲೂ ನಂಬುತ್ತೇನೆ. ತದಡಿ ಬಂದರಿನಲ್ಲಿ ಪರ್ಸಿನ್ ಬೋಟಿಗೆ (ಬಲೆ ಸುತ್ತುಹಾಕಿ ಮೀನು ಹಿಡಿಯುವ ಬೋಟು) ಹೋಗುವ ಖಲಾಸಿಗಳಿಗೆ, ಅಂದರೆ ಬೋಟಿನ ಕೆಲಸಗಾರರಿಗೆ, ಸಿಗುವುದು ಪಾಲು. ಮೀನು ಮಾರಿದ ದುಡ್ಡಿನಲ್ಲಿ ಡೀಸೆಲ್ಲು, ಐಸು, ರೇಷನ್ನು ಕಳೆದು, ಬೋಟಿನ ಮಾಲೀಕರ ಪಾಲು ತೆಗೆದು, ಉಳಿದದ್ದರಲ್ಲಿ ಬೋಟು ನಡೆಸುವ ತಾಂಡೇಲರಿಗೆ ಜಾಸ್ತಿ, ಖಲಾಸಿಗಳಿಗೆ ಸಮಪಾಲು. ಬಂಗಡೆ, ತಾರ್ಲೆ ಸಿಕ್ಕಿದ ದಿನ ಒಳ್ಳೆಯ ಸಂಪಾದನೆ. ಸಿಗದ ದಿನ ರಾತ್ರಿ ಮೂರಕ್ಕೆದ್ದು ಹೋಗಿ ಸಂಜೆ ಬಂದರೂ ಪಾಲು ಸೊನ್ನೆ. ಅಧಿಕೃತ ಲೆಕ್ಕದಲ್ಲಿ ಅದು ಹನ್ನೆರಡು ಗಂಟೆಗೂ ಮೀರಿದ ಕೆಲಸ. ಆ ಮನೆಯ ಹೆಂಗಸಿಗೆ ಕೇಳಿದರೆ ಅಂಗಡಿಯ ಉದ್ರಿ ಪುಸ್ತಕದಲ್ಲಿ ಇನ್ನೊಂದು ಸಾಲು. ಎರಡೂ ನಿಜ. ಎರಡನ್ನೂ ತೋರಿಸುವ ಗುರುತು ಬೇಕಿತ್ತು, ಅಷ್ಟೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ 61 ದಿನ ಬಂದ್. ಆಗ ಖಲಾಸಿ ಮನೆಯಲ್ಲಿರುತ್ತಾನೆ, ಬಲೆ ಹೆಣೆಯುತ್ತಾನೆ, ಯಾರಾದರೂ ಕರೆದರೆ ಗದ್ದೆ ನಾಟಿಗೆ ಹೋಗುತ್ತಾನೆ. ವಾರದ ಅಳತೆಗೆ ಒಂದು ದಿನದ ಕೂಲಿ ಸಾಕು. ವರ್ಷದ ಅಳತೆಗಂತೂ ಅವನು ಹೇಗೂ ಉದ್ಯೋಗಿ. ಈ ಎರಡು ತಿಂಗಳ ಚೌಕಗಳು ನಮ್ಮ ಹಾಳೆಗಳಲ್ಲಿ ಬಹುಪಾಲು ಖಾಲಿ ಉಳಿದವು.

ಹೆಂಗಸರ ಸಾಲು ತುಂಬಿಸಲು ಬೇರೆ ದಾರಿ ಹಿಡಿದೆವು. ಗಂಡಸರು ಎದುರಿಗಿದ್ದರೆ "ಅವಳು ಮನೆಯಲ್ಲೇ ಇರ್ತಾಳೆ" ಎಂಬ ಒಂದೇ ಮಾತಿನಲ್ಲಿ ಸಾಲು ಮುಗಿಯುತ್ತದೆ. ಅದಕ್ಕೆ ಹೆಣ್ಣುಮಕ್ಕಳೇ ಹೋಗಿ, ಮಧ್ಯಾಹ್ನದ ಊಟ ಮುಗಿದಮೇಲೆ, ಹಿತ್ತಲಲ್ಲಿ ಕೂತು ಕೇಳಬೇಕು ಎಂದು ನಿಯಮ ಮಾಡಿದೆವು. ನದಿಯಲ್ಲಿ ಚಿಪ್ಪಿ ಹೆಕ್ಕುವ ಒಬ್ಬ ಹಿರಿಯ ಹೆಂಗಸಿಗೆ ನನ್ನ ವಿದ್ಯಾರ್ಥಿನಿ "ವಾರಕ್ಕೆ ಎಷ್ಟು ದಿನ ಹೋಗ್ತೀರಿ?" ಎಂದು ಕೇಳಿದಳು. ಅವರು ನನ್ನ ಕಡೆ ತಿರುಗಿ ಹೇಳಿದರು:

"ಅಕ್ಕೋರೇ, ನದಿಗೆ ವಾರ ಎಲ್ಲಿಂದ? ಅಮಾಸೆ ಹುಣ್ಣಿಮೆಗೆ ನೀರು ಚಲೋ ಇಳೀತದೆ, ಆಗ ಹೋಗೋದು. ಅಷ್ಟಮಿ ಹೊತ್ತಿಗೆ ನೀರೇ ಇಳಿಯೂದಿಲ್ಲ."

ಅವರು ಹೇಳಿದ್ದು ಅಕ್ಷರಶಃ ಸರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ನದಿಯ ದಿಬ್ಬಗಳು ತೆರೆದುಕೊಳ್ಳುತ್ತವೆ. ಅಷ್ಟಮಿಯ ಸುತ್ತ ನೀರಿನ ಏರಿಳಿತ ಸಣ್ಣದು, ಹೆಕ್ಕುವ ಜಾಗವೇ ಸಿಗುವುದಿಲ್ಲ. ಹಾಗಾದರೆ ಸಮೀಕ್ಷೆಯ ಏಳು ದಿನ ಅಮಾವಾಸ್ಯೆಯ ವಾರದಲ್ಲಿ ಬಿದ್ದರೆ ಈ ಹೆಂಗಸಿಗೆ ಕೈತುಂಬ ಕೆಲಸ, ಅಷ್ಟಮಿಯ ವಾರದಲ್ಲಿ ಬಿದ್ದರೆ "ಮನೆಗೆಲಸ". ದೇಶದ ಸರಾಸರಿಯಲ್ಲಿ ಇದು ಸಮವಾಗಿ ಹೋಗಬಹುದು. ಆದರೆ ಅವರ ಬದುಕಿನಲ್ಲಿ ಸಮವಾಗುವುದಿಲ್ಲ, ಅಲ್ವಾ? ಅಂದಿನಿಂದ ನದಿ ದಂಡೆಯ ಹಾಳೆಗಳಲ್ಲಿ ತಿಥಿಯ ಸಾಲೂ ಸೇರಿತು.

ಇದೇ ಹೆಂಗಸರನ್ನು ಎಣಿಸುವ ವಿಷಯದಲ್ಲಿ ದೇಶದ ಅಂಕಿಯೊಂದು ನನಗೆ ಬಹಳ ಕಾಡುತ್ತದೆ. 15 ವರ್ಷ ಮೇಲ್ಪಟ್ಟ ಹಳ್ಳಿಯ ಹೆಂಗಸರಲ್ಲಿ ದುಡಿಮೆಯ ಬಲಕ್ಕೆ ಸೇರಿದವರು, ಅಂದರೆ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು, 2017-18ರಲ್ಲಿ 24.6% ಇದ್ದರು, 2023-24ರಲ್ಲಿ 47.6%. ಆರು ವರ್ಷದಲ್ಲಿ ಹತ್ತಿರಹತ್ತಿರ ದುಪ್ಪಟ್ಟು. ಇದೇ ಅವಧಿಯಲ್ಲಿ ದೇಶದ ದುಡಿಯುವ ಗಂಡಸರು, ಹೆಂಗಸರು ಎಲ್ಲರಲ್ಲಿ ಸ್ವಂತ ಉದ್ಯೋಗದವರ ಪಾಲು 52.2%ರಿಂದ 58.4%ಕ್ಕೆ ಏರಿತು. ಸ್ವಂತ ಉದ್ಯೋಗ ಎನ್ನುವುದರೊಳಗೆ ಮನೆಯ ಅಂಗಡಿಯಲ್ಲಿ, ಗದ್ದೆಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಇದ್ದಾರೆ. ಮೊದಲು ಲೆಕ್ಕಕ್ಕೇ ಸಿಗದ ದುಡಿಮೆ ಈಗ ಸಿಕ್ಕಿದ್ದರೆ ಅದು ಒಳ್ಳೆಯದೇ. ಆದರೆ ಅಂಕಿ ಏರಿತೆಂದು ಈ ಹೆಂಗಸರ ಕೈಗೆ ದುಡ್ಡು ಬಂತು ಎಂದು ಓದಿಕೊಳ್ಳಬಾರದು. ನಮ್ಮ ಹಾಳೆಯಲ್ಲಿ ಹೆಂಗಸರ ಸಾಲಿನಲ್ಲಿ ಗೆರೆಗಳು ದಟ್ಟ, ಅದರ ಮೇಲೆ ಅಡ್ಡ ಗೀಟುಗಳೂ ಅಷ್ಟೇ ದಟ್ಟ.

ಘಟ್ಟ ಹತ್ತಿ ಶಿರಸಿ ಕಡೆ ಹೋದರೆ ಕಥೆ ಬೇರೆ. ಅಲ್ಲಿ ಎಲ್ಲರೂ ಹೇಳುವ ಮಾತು, "ಕೆಲಸಕ್ಕೆ ಜನ ಸಿಗೂದಿಲ್ಲ ಮಾರಾಯ್ರೆ." ಸುಳ್ಳಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು, ಆಮೇಲೆ ಕೊನೆ (ಅಡಿಕೆ ಗೊನೆ) ಕೊಯ್ಯಲು ಮರ ಹತ್ತುವ ಕೊನೆಗೌಡರು ಬೇಕು. ಆ ಕೌಶಲ ಇರುವವರು ಕಡಿಮೆ, ಎಲ್ಲರ ತೋಟಕ್ಕೂ ಒಂದೇ ಸಮಯಕ್ಕೆ ಬೇಕು. ಆದರೆ ಅದೇ ಊರಿನಲ್ಲಿ ಡಿಗ್ರಿ ಮುಗಿಸಿ "ತೋಟ ನೋಡ್ಕೊಂಡಿದ್ದೇನೆ" ಎನ್ನುವ ಹುಡುಗರೂ ಇದ್ದಾರೆ. ಒಂದೆರಡು ಎಕರೆ ತೋಟ, ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ದೊಡ್ಡಪ್ಪನ ಮಗನೂ ಅದೇ ತೋಟದಲ್ಲಿ. ಪಾಠದಲ್ಲಿ ನಾವು ಇದನ್ನು ಮರೆಮಾಚಿದ ನಿರುದ್ಯೋಗ ಎನ್ನುತ್ತೇವೆ. ಒಬ್ಬರು ಬಿಟ್ಟುಹೋದರೂ ಬೆಳೆ ಕಡಿಮೆಯಾಗುವುದಿಲ್ಲ ಎಂದರೆ ಆ ಒಬ್ಬರ ಕೆಲಸ ಹೆಸರಿಗೆ ಮಾತ್ರ.

ಅದನ್ನು ನೇರವಾಗಿ ಕೇಳಿದರೆ ಮನಸ್ಸಿಗೆ ನೋವಾಗುತ್ತದೆ. ನಾನು ಹೀಗೆ ಕೇಳಿದೆ: "ತಮ್ಮಾ, ನಾಳೆಯಿಂದ ನೀನು ಬೆಂಗಳೂರಿಗೆ ಹೋದೆ ಅಂತಿಟ್ಟುಕೋ. ತೋಟದ ಯಾವ ಕೆಲಸ ನಿಲ್ಲುತ್ತದೆ?" ಆ ಹುಡುಗ ಬಹಳ ಹೊತ್ತು ಯೋಚಿಸಿದ. ದರಕು (ಒಣ ಎಲೆ) ತರುವುದು? ಅದಕ್ಕೆ ಆಳು ಬರುತ್ತಾರೆ. ಸುಲಿಯುವುದು? ಮೆಟ್ಟುಗತ್ತಿಯಲ್ಲಿ ಅಮ್ಮನೇ ಅವನಿಗಿಂತ ಬೇಗ ಸುಲಿಯುತ್ತಾರೆ. ಪಂಪ್ ಹಾಕುವುದು? ಅಪ್ಪ ಹಾಕುತ್ತಾರೆ. ಕೊನೆಗೆ "ಅಡಿಕೆ ರೇಟು ನೋಡಿ ಹೇಳೋರು ಯಾರೂ ಇರೂದಿಲ್ಲ" ಎಂದ. ಅವನ ಸಾಲಿನಲ್ಲಿ ಅಡಿಕೆ ಕೊಯ್ಲಿನ ಕಾಲ ಬಿಟ್ಟರೆ ಹೆಚ್ಚಿನ ಚೌಕಗಳಿಗೆ ಗಿಡ್ಡ ಗೆರೆಯೇ ಬಿತ್ತು. ಜನ ಸಿಗದಿರುವುದೂ ಜನ ಹೆಚ್ಚಾಗಿರುವುದೂ ಒಂದೇ ಊರಿನಲ್ಲಿ ಇರಬಹುದು ಎಂದು ನನ್ನ ಮಕ್ಕಳಿಗೆ ಅರ್ಥವಾದದ್ದು ಆ ಹಾಳೆಯಿಂದ.

ಪರೀಕ್ಷೆಗೆ ಓದುತ್ತಿರುವವರದು ಇನ್ನೊಂದು ಪಂಗಡ. ಪಿಡಿಒ, ಪೊಲೀಸ್, ಶಿಕ್ಷಕರ ನೇಮಕಾತಿ ಎಂದು ವರ್ಷಗಟ್ಟಲೆ ಕಾಯುವವರು. ಕೆಲಸ ಹುಡುಕುವುದನ್ನೇ ಬಿಟ್ಟವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ, ದುಡಿಮೆಯ ಬಲದಿಂದಲೇ ಹೊರಗೆ ಉಳಿಯುತ್ತಾರೆ. 2013ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನ ಈ ಕೊರತೆಯನ್ನು ಒಪ್ಪಿಕೊಂಡು, ನಿರುದ್ಯೋಗದ ಜೊತೆಗೆ ಇನ್ನಷ್ಟು ಕೆಲಸ ಬೇಕೆನ್ನುವವರನ್ನೂ, ಕೆಲಸ ಬೇಕಿದ್ದರೂ ಹುಡುಕದವರನ್ನೂ ಸೇರಿಸಿ ಅಳೆಯಲು ಹೇಳಿತು. ಆದರೆ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಇವತ್ತಿಗೂ ಒಂದೇ ಅಂಕಿ.

ಮಕ್ಕಳು ನನ್ನ ಹಾಳೆಯನ್ನೂ ತುಂಬಿಸಲು ಕೇಳಿದರು. ತುಂಬಿಸಿದೆ. ಅತಿಥಿ ಉಪನ್ಯಾಸಕರಿಗೆ ಕೆಲಸ ಎಂದರೆ ಕೊಟ್ಟಷ್ಟು ಪಾಠದ ಗಂಟೆ. ಸೆಮಿಸ್ಟರ್ ಮುಗಿದು ಮತ್ತೆ ಆದೇಶ ಬರುವ ತನಕದ ಚೌಕಗಳು ಖಾಲಿ. ಇನ್ನೂ ಹೆಚ್ಚು ಗಂಟೆ ಕೊಟ್ಟರೆ ಮಾಡುತ್ತೀರಾ ಎಂಬ ಪ್ರಶ್ನೆಗೆ "ಹೌದು" ಎಂದು ಬರೆದೆ. ವರ್ಷದ ಅಳತೆಯಲ್ಲಂತೂ ನಾನು ಉದ್ಯೋಗಿಯೇ. ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ಆದರೆ ಮರುದಿನದಿಂದ ಅವರು ಮನೆಗಳಲ್ಲಿ ಪ್ರಶ್ನೆ ಕೇಳುವ ರೀತಿ ಮೆತ್ತಗಾಯಿತು.

"ಇನ್ನೂ ಕೆಲಸ ಸಿಕ್ಕರೆ ಮಾಡ್ತೀರಾ, ಎಂಥ ಕೆಲಸ, ಎಷ್ಟು ದೂರ?" ಎಂಬ ಈ ಕೊನೆಯ ಪ್ರಶ್ನೆಯನ್ನು ಯಾರೂ ಬಿಡಬೇಡಿ. ಕಾರವಾರದ ಕಡೆಯ ಹುಡುಗರು "ಗೋವಾಕ್ಕೆ ಹೋಗ್ತೇವೆ" ಎನ್ನುತ್ತಾರೆ, ಹೋಗಿಯೂ ಇದ್ದಾರೆ. ಮಳೆಗಾಲ ಶುರುವಾದರೆ ಕೆಲವರು ಊರಿಗೆ ವಾಪಸ್. ಮಕ್ಕಳಿರುವ ಹೆಂಗಸರು "ನಡೆದು ಹೋಗುವಷ್ಟು ದೂರ ಇದ್ದರೆ ಮಾತ್ರ" ಎನ್ನುತ್ತಾರೆ. ಬಸ್ಸಿನ ಸಮಯ ಸರಿಯಿಲ್ಲದೆ ಬಿಟ್ಟುಹೋದ ಕೆಲಸಗಳ ಬಗ್ಗೆ ನಾವು ಕೇಳಿದ್ದು ಸ್ವಲ್ಪವಲ್ಲ.

ಹಾಳೆಗಳನ್ನು ಸುರುಳಿ ಸುತ್ತಿ ಗ್ರಾಮಸಭೆಗೆ ಒಯ್ದೆವು. ಗೋಡೆಗೆ ಅಂಟಿಸಿದಾಗ ಜೂನ್, ಜುಲೈ ಭಾಗದ ಖಾಲಿ ಪಟ್ಟಿ ದೂರದಿಂದಲೇ ಕಾಣುತ್ತಿತ್ತು. ಉದ್ಯೋಗ ಖಾತ್ರಿಯ ಮಣ್ಣಿನ ಕೆಲಸಗಳು ಬೇಸಿಗೆಯಲ್ಲಿ ನಡೆಯುತ್ತವೆ, ಬೋಟು ನಿಂತ ಕಾಲದಲ್ಲಿ ಜಡಿಮಳೆ. ಮಳೆಯಲ್ಲೂ ಮಾಡಬಹುದಾದ್ದು ಏನಿದೆ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ಗಿಡ ನೆಡುವುದು, ನರ್ಸರಿ ಎಂದು ಕೆಲವರು ಹೇಳಿದರು. ಬಲೆ ಹೆಣೆಯಲು ಒಂದು ದೊಡ್ಡ ಶೆಡ್ ಬೇಕು, ಹೆಂಗಸರಿಗೆ ಮೀನು ಒಣಗಿಸಲು ಮಾಡು ಹಾಕಿದ ಕಟ್ಟೆ ಬೇಕು ಎಂದು ಬೋಟಿನ ಮನೆಯವರೇ ಎದ್ದು ಹೇಳಿದರು. ಗಿಡ ನೆಡುವುದು ಕ್ರಿಯಾಯೋಜನೆಗೆ ಸೇರಿತು. ಶೆಡ್ಡಿಗೆ ಜಾಗ ಹುಡುಕುವ ಮಾತು ಇನ್ನೂ ನಡೆದಿದೆ.

ನಿಮ್ಮ ಊರಿನಲ್ಲಿ ಮಾಡುವುದಾದರೆ ದೀಪಾವಳಿ ಕಳೆದು ಶುರುಮಾಡಿ. ಮಳೆಗಾಲದ ನೆನಪು ಇನ್ನೂ ಹಸಿಯಾಗಿರುತ್ತದೆ, ಜನಕ್ಕೂ ಸಂಜೆ ಸ್ವಲ್ಪ ಬಿಡುವು ಇರುತ್ತದೆ. ಪೆನ್ಸಿಲ್‌ನಲ್ಲಿ ಬರೆಯಿರಿ, ಯಾಕೆಂದರೆ ಗಂಡ ಹೇಳಿದ್ದನ್ನು ಹೆಂಡತಿ ತಿದ್ದುತ್ತಾರೆ. ಮನೆಯವರ ಹೆಸರು ಹಾಕಬೇಡಿ, ಹಾಳೆಯ ಒಂದು ಪ್ರತಿ ಆ ಮನೆಗೇ ಕೊಟ್ಟುಬಿಡಿ. ಸಾಲದ ಕಂತು ಯಾವ ತಿಂಗಳಿಗೆ ಕಟ್ಟಲು ಆಗುತ್ತದೆ ಎಂದು ಸ್ವಸಹಾಯ ಸಂಘದಲ್ಲಿ ತೋರಿಸಲು ಕೆಲವರು ಅದನ್ನೇ ಒಯ್ಯುತ್ತಿದ್ದಾರೆ.