ನಾಯಿಗೆ ಮನೆ ಅಡುಗೆಯೋ, ಪ್ಯಾಕೆಟ್ ಊಟವೋ? ನಿರ್ಧರಿಸುವುದು ಹೀಗೆ

ಕೆಂಚಿ ನಮಗೆ ಸಿಕ್ಕಿದ್ದು ಬೀದಿಯಲ್ಲಿ, ಇಷ್ಟೇ ಇಷ್ಟು ಮರಿ. ದಿನಾ ಬಿಸಿ ಅನ್ನ, ಬೇಯಿಸಿದ ಕೋಳಿ, ಮೇಲೊಂದಿಷ್ಟು ಹಾಲು ಹಾಕುತ್ತಿದ್ದೆವು. ನಾವೇ ಮಾಡಿದ ತಾಜಾ ಊಟ, ಇನ್ನೇನು ಬೇಕು ಅಂದುಕೊಂಡಿದ್ದೆವು. ಐದು ತಿಂಗಳಾಗುವಷ್ಟರಲ್ಲಿ ಅವಳ ಮುಂಗಾಲು ಸೊಟ್ಟಗಾದವು. ಮೆಟ್ಟಿಲ ತನಕ ಓಡಿ ಬಂದು, ಅಲ್ಲೇ ನಿಂತು ಕುಂಯ್‌ಗುಡುತ್ತಿದ್ದಳು. ಹತ್ತುತ್ತಿರಲಿಲ್ಲ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆಳ್ಳಗೆ ಎದ್ದು ಕಾಣಬೇಕಾದ ಮೂಳೆ ಸುತ್ತಲಿನ ಮಾಂಸದಷ್ಟೇ ಮಸುಕಾಗಿತ್ತು. ಊಟದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇರಲಿಲ್ಲ. ದೇಹ ಅದನ್ನು ತನ್ನ ಮೂಳೆಯಿಂದಲೇ ಕಿತ್ತುಕೊಂಡಿತ್ತು.

ಕೆಂಚಿ ಚೇತರಿಸಿಕೊಂಡಳು. ಈಗಲೂ ಮನೆ ಊಟವನ್ನೇ ತಿನ್ನುತ್ತಾಳೆ. ಆದರೆ ಈಗ ಅಳತೆ ಇದೆ. ಯಾರಾದರೂ ನನ್ನನ್ನು ‘ನಮ್ಮ ನಾಯಿಗೂ ಅಡುಗೆ ಮಾಡಿ ಹಾಕಲಾ?’ ಎಂದು ಕೇಳಿದರೆ, ಈ ಕೆಳಗಿನ ದಾರಿಯಲ್ಲಿ ಯೋಚಿಸಿ ಎನ್ನುತ್ತೇನೆ.

ಮೊದಲು ನಾಯಿಯನ್ನು ನೋಡಿ

ನಿಮ್ಮದು ಒಂದು ವರ್ಷ ದಾಟದ ಮರಿಯಾ? ಗಬ್ಬದ ನಾಯಿಯಾ? ಮೂತ್ರಪಿಂಡದ ತೊಂದರೆ ಇದೆಯಾ? ಹಾಗಿದ್ದರೆ ಸ್ವಂತ ಲೆಕ್ಕದ ಅಡುಗೆ ಬೇಡ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಇಂಥವುಗಳಿಗೆ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂದು ಬರೆದಿರುವ, ಅದರ ವಯಸ್ಸಿಗೆ ಹೊಂದುವ ಪ್ಯಾಕೆಟ್ ಆಹಾರವೇ ಸುರಕ್ಷಿತ. ಕಾಯಿಲೆಯಿದ್ದರೆ ಡಾಕ್ಟರು ಹೇಳಿದ್ದನ್ನೇ ಹಾಕಿ.

ಆರೋಗ್ಯವಾಗಿರುವ, ಬೆಳೆದ ನಾಯಿಯಾದರೆ ಮುಂದಕ್ಕೆ ಓದಿ.

ತಟ್ಟೆಯ ಲೆಕ್ಕ ಹಾಕಿ

ಸಂತಾನಹರಣ ಚಿಕಿತ್ಸೆ ಆಗಿರುವ 10 ಕೆ.ಜಿ. ತೂಕದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಸಾಕು. ಚರ್ಮ ತೆಗೆದು ಬೇಯಿಸಿದ ಕೋಳಿ 200 ಗ್ರಾಂ, ಅನ್ನ 150 ಗ್ರಾಂ, ಒಂದು ಹಿಡಿ ಸಿಹಿಗುಂಬಳ, ಒಂದು ಚಮಚ ಎಣ್ಣೆ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನೋಡುವುದಕ್ಕೆ ಎಂಥ ಒಳ್ಳೆಯ ಊಟ, ಅಲ್ವಾ? ಈಗ ಅದರ ಕ್ಯಾಲ್ಸಿಯಂ ಎಣಿಸಿ. ಕೋಳಿಯಿಂದ 30 ಮಿಲಿಗ್ರಾಂ, ಅನ್ನದಿಂದ 15, ಕುಂಬಳದಿಂದ ಇನ್ನೊಂಚೂರು. ಎಲ್ಲ ಸೇರಿ 70 ದಾಟುವುದಿಲ್ಲ. ನಾಯಿಗೆ ಬೇಕಾದದ್ದು ಸುಮಾರು 750. ಹತ್ತರಲ್ಲಿ ಒಂದು ಪಾಲೂ ಇಲ್ಲ! ಮರಿಗೆ ಅಷ್ಟೇ ಊಟದಲ್ಲಿ ಇದರ ಎರಡು ಪಟ್ಟಿಗಿಂತ ಜಾಸ್ತಿ ಕ್ಯಾಲ್ಸಿಯಂ ಬೇಕು. ನಮ್ಮ ಕೆಂಚಿಗೆ ಆಗಿದ್ದು ಇದೇ.

ರಾಗಿ ಇದೆಯಲ್ಲ ಎನ್ನಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ. ಮುದ್ದೆ ಹಾಕಿ, ತಪ್ಪಿಲ್ಲ. ಅದೊಂದನ್ನೇ ನಂಬಬೇಡಿ.

ಮೊಟ್ಟೆ ಚಿಪ್ಪು ಅಗ್ಗದ ದಾರಿ. ಚಿಪ್ಪನ್ನು ತೊಳೆದು, ಕುದಿಸಿ, ಗರಿಗರಿಯಾಗಿ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ. ಬೆರಳ ನಡುವೆ ಉಜ್ಜಿದರೆ ಚುಚ್ಚಬಾರದು. ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಾಗಾಗಿ ಮೇಲಿನ ತಟ್ಟೆಗೆ ಅರ್ಧ ಚಮಚವೂ ಪೂರ್ತಿ ಬೇಡ.

ಕ್ಯಾಲ್ಸಿಯಂ ಒಂದೇ ಆಗಿದ್ದರೆ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಸತು, ಅಯೋಡಿನ್, ವಿಟಮಿನ್ ಇ, ವಿಟಮಿನ್ ಡಿ ಕೂಡ ಕೋಳಿ ಅನ್ನದಲ್ಲಿ ಸಾಲುವುದಿಲ್ಲ. ನಮ್ಮೂರಲ್ಲಿ ಬಿಸಿಲಿಗೇನು ಬರ ಎನ್ನಬೇಡಿ. ನಾಯಿಯ ಚರ್ಮ ನಮ್ಮ ಹಾಗೆ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ಮಾಡಿಕೊಳ್ಳಲಾರದು, ಅದು ಊಟದಿಂದಲೇ ಬರಬೇಕು. 2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಪುಸ್ತಕ, ಜಾಲತಾಣಗಳಿಂದ ನಾಯಿ ಊಟದ 200 ರೆಸಿಪಿಗಳನ್ನು ಆಯ್ದು ಲೆಕ್ಕ ಹಾಕಿದರು. ನೂರಕ್ಕೆ 95ರಲ್ಲಿ ಒಂದಾದರೂ ಪೋಷಕಾಂಶ ಕಡಿಮೆಯಿತ್ತು. ಆದ್ದರಿಂದ ನಿಮ್ಮ ಅಳತೆಯನ್ನು ಕಾಗದದಲ್ಲಿ ಬರೆದು ಪಶುವೈದ್ಯರಿಗೆ ತೋರಿಸಿ. ಯಾವ ಪೂರಕ ಪುಡಿ, ಎಷ್ಟು ಎನ್ನುವುದನ್ನು ಅವರೇ ಹೇಳಲಿ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಹಾಕಬೇಡಿ.

‘ಅನ್ನ ನಾಯಿಗೆ ವಿಷ’ ಎನ್ನುವವರೂ ಸಿಗುತ್ತಾರೆ. ಹೆದರಬೇಡಿ. ಮನುಷ್ಯರ ಜೊತೆ ಬಾಳಿದ ನಾಯಿಗಳಲ್ಲಿ ಪಿಷ್ಟ ಅರಗಿಸುವ ಜೀನ್ ತೋಳಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಬೆಂದ ಅನ್ನ, ಮುದ್ದೆ, ರೊಟ್ಟಿ ಅವಕ್ಕೆ ಅರಗುತ್ತವೆ.

ನಿಮ್ಮ ಕೈಲಿ ಆಗುತ್ತಾ?

ಮೇಲಿನ ಲೆಕ್ಕದ ಪ್ರಕಾರ ತಿಂಗಳಿಗೆ ಸುಮಾರು 8 ಕೆ.ಜಿ. ಮೂಳೆಯಿಲ್ಲದ ಹಸಿ ಕೋಳಿ ಬೇಕು. 25 ಕೆ.ಜಿ. ನಾಯಿಗೆ ಅದರ ಎರಡು ಪಟ್ಟು. ಫ್ರಿಜ್‌ನಲ್ಲಿ ಜಾಗ ಇದೆಯಾ? ಕರೆಂಟು ಹೋದರೆ? ನೀವು ಊರಿಗೆ ಹೋದಾಗ ಪಕ್ಕದ ಮನೆಯ ಅಕ್ಕ ಇದನ್ನೆಲ್ಲ ತೂಗಿ ಹಾಕುತ್ತಾರಾ? ಸಸ್ಯಾಹಾರಿ ಮನೆಗಳಲ್ಲಿ ಇದು ಇನ್ನೂ ಕಷ್ಟ. ಮೊಸರನ್ನವನ್ನು ನಾಯಿ ಚಪ್ಪರಿಸಿ ತಿನ್ನುತ್ತದೆ. ಆದರೆ ಅದೊಂದರಿಂದ ಸಾಕಷ್ಟು ಪ್ರೋಟೀನ್ ಸಿಗುವುದಿಲ್ಲ.

ಈ ಪ್ರಶ್ನೆಗಳಿಗೆ ‘ನೋಡೋಣ’ ಎಂಬ ಉತ್ತರ ಬಂದರೆ ಪ್ಯಾಕೆಟ್ಟನ್ನೇ ಮುಖ್ಯ ಊಟ ಮಾಡಿ. ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಬೆಂದ ಮೊಟ್ಟೆಯೋ ಕ್ಯಾರೆಟ್ಟೋ ತಾಜಾ ಇರಲಿ. ಅಷ್ಟರಿಂದ ಸಮತೋಲ ಕೆಡುವುದಿಲ್ಲ. ಅಡುಗೆ ಮಾಡಲಿಲ್ಲ ಎಂದರೆ ಪ್ರೀತಿ ಕಡಿಮೆ ಎಂದು ದಯವಿಟ್ಟು ಕೊರಗಬೇಡಿ.

ಮಾಡುವುದಾದರೆ

ನಾಯಿಗೆ ಬೇರೆ ಪಾತ್ರೆ ಇಡಿ. ಮನೆಯವರ ಸಾರಿನಿಂದ ಎತ್ತಿ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚೂರುಗಳನ್ನು ಆರಿಸಿ ತೆಗೆದರೂ ರಸ ಸಾರಿನಲ್ಲಿ ಇಳಿದಿರುತ್ತದೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಹುದು. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಹಸಿ ಮಾಂಸ ಬೇಡ, ಅದರಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ನಿಮ್ಮ ಮಕ್ಕಳ ಕೈಗೂ ಅಂಟೀತು. ಕುಕ್ಕರ್ ಮೂರು ಸಲ ಕೂಗಲಿ. ಪೂರಕ ಪುಡಿಯನ್ನು ಆರಿದ ಮೇಲೆ ಬೆರೆಸಿ. ಮೂರು ದಿನಕ್ಕಾಗುವಷ್ಟು ಫ್ರಿಜ್‌ನಲ್ಲಿ, ಮಿಕ್ಕಿದ್ದು ಫ್ರೀಜರ್‌ನಲ್ಲಿ ಇರಲಿ.

ಒಂದೇ ದಿನಕ್ಕೆ ಊಟ ಬದಲಿಸಿದರೆ ಭೇದಿ ಶುರುವಾಗುತ್ತದೆ. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಮುಕ್ಕಾಲು. ಹತ್ತು ದಿನ ಕೊಡಿ.

ನಂತರ ಎರಡು ವಾರಕ್ಕೊಮ್ಮೆ ತೂಕ ನೋಡಿ. ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಪಕ್ಕೆಯ ಮೇಲೆ ಬೆರಳಾಡಿಸಿ. ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಆದರೆ ದೂರದಿಂದ ಎಣಿಸುವಂತಿರಬಾರದು. ಒತ್ತಿದರೂ ಸಿಗದಿದ್ದರೆ ಅನ್ನವನ್ನು ಒಂದು ಹಿಡಿ ಕಡಿಮೆ ಮಾಡಿ. ನಾನು ಕೆಂಚಿಯ ತೂಕವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುತ್ತೇನೆ.