ಗೋವಾದಾಗ ಫೋನ್ ಇಲ್ಲೇನು?

ಬೆಳಗಾವಿ ಜಿಲ್ಲೆಯ ಸಣ್ಣ ಊರೊಂದರಲ್ಲಿ ನನ್ನದು ಹೊಲಿಗೆ ಕ್ಲಾಸು. ಒಂದು ರಾತ್ರಿ ಎಂಟೂವರೆಗೆ ಕ್ಲಾಸಿನ ಹೆಣ್ಣುಮಗಳೊಬ್ಬಳು ಬಾಗಿಲು ತಟ್ಟಿದಳು. ಅವಳ ಗಂಡ ಹಿಂಡಲಗಾ ಜೈಲಿನಲ್ಲಿದ್ದ. ದುಡ್ಡು ಕೇಳುತ್ತಾಳೆ ಅಂದುಕೊಂಡು ಪರ್ಸಿಗೆ ಕೈ ಹಾಕಿದೆ. ಅವಳು ಕೇಳಿದ್ದೇ ಬೇರೆ: “ಅಕ್ಕಾರ, ಪಹಣಿ ಇದ್ದವರು ಯಾರರ ಗೊತ್ತದಾರೇನ್ರಿ?”

ಜಾಮೀನು ಮಂಜೂರಾಗಿ ಹದಿನೆಂಟು ದಿನ ಆಗಿತ್ತು. ಹೊಲದ ಪಹಣಿ ತೋರಿಸಿ ಶ್ಯೂರಿಟಿ ಕೊಡುವವರು, ಅಂದರೆ ಅವನಿಗೆ ಜಾಮೀನುದಾರರಾಗುವವರು, ಸಿಗದೆ ಅವನು ಇನ್ನೂ ಒಳಗೇ ಇದ್ದ.

ಮರುದಿನ ಆರು ಮನೆ ಹತ್ತಿ ಇಳಿದೆ. ಎಲ್ಲರದ್ದೂ ಒಂದೇ ಭಯ, ಅವನು ಓಡಿಹೋದರೆ ನಮ್ಮ ಹೊಲ ಹೋಗುತ್ತದೆ ಅಂತ. ನನಗೂ ಗೊತ್ತಿರಲಿಲ್ಲ, ವಕೀಲರೊಬ್ಬರನ್ನು ಕೇಳಿದೆ. ಆರೋಪಿ ತಾರೀಖಿಗೆ ಬರದಿದ್ದರೆ ಬಾಂಡಿನಲ್ಲಿ ಬರೆದ ಮೊತ್ತಕ್ಕೆ ಜಾಮೀನುದಾರ ಹೊಣೆ. ಅದಕ್ಕೂ ಮೊದಲು ನೋಟಿಸ್ ಬರುತ್ತದೆ, ಕಾರಣ ಹೇಳಿಕೊಳ್ಳಬಹುದು. ಹೊಲ ರಾತ್ರೋರಾತ್ರಿ ಹೋಗುವುದಿಲ್ಲ. ಇದನ್ನು ಏಳನೇ ಮನೆಯಲ್ಲಿ ಹೇಳಿದೆ. ಒಂದೂವರೆ ಎಕರೆ ಇದ್ದ, ನನ್ನ ಹತ್ತಿರ ಕುಪ್ಪಸ ಹೊಲಿಸುವ ಅಜ್ಜಿ ಒಪ್ಪಿದಳು. ಕೋರ್ಟಿನಲ್ಲಿ ಇವನು ನಿನಗೆ ಹೇಗೆ ಗೊತ್ತು ಅಂತ ಕೇಳಿದಾಗ, “ಇವನ ಮದವಿಗೆ ಹೋಳಿಗಿ ಮಾಡಿದಾಕಿ ನಾನ ರೀ” ಅಂದಳು. ಪಹಣಿ, ಆಧಾರ್, ಫೋಟೊ ಎಲ್ಲ ಸರಿ ಇತ್ತು. ಎರಡು ದಿನದಲ್ಲಿ ಅವನು ಹೊರಗೆ ಬಂದ.

ಸುದ್ದಿ ಹಬ್ಬಿತು, ಮನೆಯವರು ಯಾರಾದರೂ ಜೈಲಿನಲ್ಲಿ ಇದ್ದವರು ಒಬ್ಬೊಬ್ಬರಾಗಿ ಬರತೊಡಗಿದರು. ಈಗ ಗುರುವಾರ ಸಂಜೆ ಮಷೀನು ಸರಿಸಿ ಚಾಪೆ ಹಾಸುತ್ತೇವೆ. ಹನ್ನೊಂದು ಮನೆಯವರಿದ್ದಾರೆ. ಶ್ಯೂರಿಟಿಗೆ ಹೊಸಬರ ಮನೆ ಬಾಗಿಲಿಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತೇವೆ. ನನ್ನ ಮಾತಿಗಿಂತ ಅವಳ ಮಾತು ಜಾಸ್ತಿ ನಡೆಯುತ್ತದೆ. ಜಾಮೀನು ಸಿಕ್ಕು ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನವರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ನಾವು ಅದಕ್ಕೆ ಕಾಯುವುದಿಲ್ಲ, ನಾವೇ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡುತ್ತೇವೆ. ಜೈಲಿನಲ್ಲಿ ಇರುವವರಿಗೆ ಪ್ರಾಧಿಕಾರದ ವಕೀಲರು ಉಚಿತ. ಆದರೂ ತಾಳಿ ಒತ್ತೆ ಇಟ್ಟು ಖಾಸಗಿ ವಕೀಲರನ್ನು ಹಿಡಿದವರೇ ಹೆಚ್ಚು. ಪುಕ್ಕಟೆ ವಕೀಲ ಅಂದರೆ ನಂಬಿಕೆ ಇಲ್ಲ, ಏನು ಮಾಡೋದು.

ಮಕ್ಕಳ ವಿಷಯದಲ್ಲಿ ನಾನೇ ತಪ್ಪಿದೆ. ಒಬ್ಬ ತಾಯಿ ಒಂಬತ್ತು ವರ್ಷದ ಮಗನಿಗೆ ಅಪ್ಪ ಗೋವಾಕ್ಕೆ ದುಡಿಯಲು ಹೋಗಿದ್ದಾನೆ ಅಂತ ಹೇಳಿದ್ದಳು. ನಮ್ಮ ಕಡೆ ಗೋವಾಕ್ಕೆ ಹೋಗುವವರು ಬಹಳ, ಸುಳ್ಳು ಸಲೀಸಾಗಿ ಕೂರುತ್ತದೆ. ಒಳ್ಳೇದಾಯ್ತು, ಹಾಗೇ ಇರಲಿ ಅಂದೆ ನಾನು. ಶಾಲೆಯಲ್ಲಿ ಯಾರೋ ಹುಡುಗ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಇವನು ಶಾಲೆ ಬಿಟ್ಟ. ಮನೆಯಲ್ಲಿ ಮಾತ್ರ ಏನೂ ಕೇಳಲಿಲ್ಲ. ಒಂದು ಗುರುವಾರ ಗುಂಡಿ ಡಬ್ಬಿ ಜೊತೆ ಆಡುತ್ತಾ, ತಲೆ ಎತ್ತದೆ, “ಗೋವಾದಾಗ ಫೋನ್ ಇಲ್ಲೇನು?” ಅಂದ. ಅವನಮ್ಮ ನನ್ನ ಮುಖ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತೆ. ನಾಚಿಕೆಯಾಯಿತು.

ಆಮೇಲೆ ಹೇಳಿದ್ದು ಇಷ್ಟೇ: “ಅಪ್ಪನ ಮ್ಯಾಲೆ ಕೇಸ್ ಆಗೇತಿ. ಖರೇ ಏನು ಅಂತ ಕೋರ್ಟ್ ನೋಡ್ತೈತಿ. ಅಲ್ಲೀತನಕ ಜೈಲಿನ್ಯಾಗ ಇರಬೇಕು. ನೀ ಏನೂ ತಪ್ಪು ಮಾಡಿಲ್ಲ.” ಅವನು “ಊಟ ಕೊಡ್ತಾರ?” ಅಂದ. ಕೊಡುತ್ತಾರೆ ಅಂದೆ. ಮತ್ತೆ ಗುಂಡಿ ಎಣಿಸತೊಡಗಿದ.

ಮೊದಲ ಸಲ ಅವನನ್ನು ಕರೆದುಕೊಂಡು ಜೈಲಿಗೆ ಭೇಟಿಗೆ ಹೋದಾಗ ತಾಯಿಯ ಆಧಾರ್ ಒರಿಜಿನಲ್ ಮನೆಯಲ್ಲೇ ಉಳಿದಿತ್ತು, ವಾಪಸ್ ಬಂದೆವು. ಈಗ ಹಿಂದಿನ ರಾತ್ರಿಯೇ ಚೀಲ ತೆಗೆದು ನೋಡುತ್ತೇನೆ. ಭೇಟಿಯ ದಿನ, ಹೊತ್ತು ಬದಲಾಗಿದೆಯಾ ಅಂತಲೂ ಮೊದಲೇ ಕೇಳಿಕೊಳ್ಳುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಖರ್ಚು ಉಳಿಯಿತು. ತಿಂಗಳಿಗೆ ಒಮ್ಮೆ ಹೋಗಲೂ ಒದ್ದಾಡುತ್ತಿದ್ದವರು ಈಗ ಎರಡು ಮೂರು ಸಲ ಹೋಗುತ್ತಾರೆ. ಜೊತೆಗೆ ಬರುವ ಸಣ್ಣ ಹುಡುಗರಿಗೆ ಅರ್ಧ ಟಿಕೆಟ್ ತೆಗೆಯಬೇಕು. ಕೊನೆಗೆ ಭೇಟಿ ಆದಾಗ ಆ ಹುಡುಗ ಅಪ್ಪನಿಗೆ ಆಡು ಎರಡು ಮರಿ ಹಾಕಿದ್ದನ್ನು ಹೇಳಿದ. ಯಾವ ಬಣ್ಣ ಅಂತ ಅಪ್ಪ ಕೇಳಿದ. ಭೇಟಿಯ ಹೊತ್ತೆಲ್ಲ ಆಡಿನ ಮಾತಿನಲ್ಲೇ ಮುಗಿಯಿತು. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಹುಡುಗ ಎರಡು ಪ್ಲೇಟ್ ಮಿರ್ಚಿ ತಿಂದ.

ಇಂಥ ಮಕ್ಕಳಿಗೆ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಕೇಳಬಹುದು, ಆದಾಯದ ಮಿತಿ ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಅಪ್ಪ ಬದುಕಿದ್ದಾನಲ್ಲ, ನಮಗೆಲ್ಲಿ ಕೊಡುತ್ತಾರೆ ಅಂತ ಯಾರೂ ಕೇಳುವುದೇ ಇಲ್ಲ. ನಾವು ಮೂರು ಅರ್ಜಿ ಹಾಕಿದೆವು, ಎರಡು ಪಾಸಾದವು.

ದೊಡ್ಡ ಹುಡುಗರನ್ನು ಚಾಪೆ ಮೇಲೆ ಕೂರಿಸುವುದು ನನ್ನಿಂದ ಆಗಲಿಲ್ಲ. ಹದಿನಾರರ ಹುಡುಗನೊಬ್ಬ ಓದು ಬಿಟ್ಟು ಗ್ಯಾರೇಜ್ ಸೇರಿದ್ದ, ಕೇಳಿದ್ದಕ್ಕೆಲ್ಲ ಹೆಗಲು ಕುಣಿಸುತ್ತಿದ್ದ. ಒಂದು ದಿನ ಅವನ ಅಮ್ಮನ ಕೇಸಿನ ಸಿಎನ್‌ಆರ್ ನಂಬರ್, ಅಂದರೆ ಕೇಸಿನ ಗುರುತಿನ ನಂಬರ್, ಅಂಕಿ-ಅಕ್ಷರ ಸೇರಿ ಹದಿನಾರರದ್ದು, ಅವನ ಕೈಗೆ ಕೊಟ್ಟು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು ನೋಡಿಕೊಡು ಅಂದೆ. ನೋಡಿದ. ಪಕ್ಕದವಳು ನನ್ನದೂ ನೋಡಪ್ಪ ಅಂದಳು. ಈಗ ಹನ್ನೊಂದು ಮನೆಯ ನಂಬರೂ ಅವನ ಫೋನಿನಲ್ಲಿವೆ. ಮಾತು ಈಗಲೂ ಕಡಿಮೆಯೇ. ಗುರುವಾರ ಗ್ರೀಸ್ ಕೈ ಒರೆಸಿಕೊಳ್ಳುತ್ತಾ ಬರುತ್ತಾನೆ, ಬಾಗಿಲಲ್ಲೇ ನಿಂತು ತಾರೀಖು ಓದುತ್ತಾನೆ, ಹೋಗುತ್ತಾನೆ. ಹೋದ ವಾರ ಅಜ್ಜಿ ಅವನಿಗೆ ಚಹಾ ಕೊಟ್ಟಳು. ಚಪ್ಪಲಿ ಬಿಟ್ಟು ಒಳಗೆ ಬಂದ.